ಫೋಟೊಕ್ಕೆ ನಿಂತ ಆಯಿ

ತೊಳೆದು ಬಿಟ್ಟಿದ್ದ ಫರ್ಶಿಕಲ್ಲಿನ ಮೇಲೆ ಜಾರಿ ಬಿದ್ದು ನನ್ನ ಆಯಿ, ಅಂದರೆ ಅಮ್ಮನ ತಾಯಿ, ಟೊಂಕದ ಎಲುಬು ಮುರಿದುಕೊಂಡಳು. ಶಹಾಬಾದಿನ ನಮ್ಮ ಮನೆಯ ನೆಲವೆಲ್ಲ ಅದೇ ಕಲ್ಲು. ಅಲ್ಲಿ ಇದುವರೆಗೆ ಜಾರದೇ ಉಳಿದದ್ದು ಗೋಡೆಯ ಹಲ್ಲಿಗಳು ಮಾತ್ರ.

ಸರ್ಕಾರಿ ಆರೋಗ್ಯ ಕಾರ್ಡಿನ ಮೇಲೆ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮಂಜೂರಾತಿ ಬರುವವರೆಗೆ ಆಪರೇಷನ್ ಇಲ್ಲ. ಆಯಿ ಒಳಗೆ ನರಳುತ್ತಿದ್ದಳು, ನಾನು ಹೊರಗೆ ಸುತ್ತುತ್ತಿದ್ದೆ. ಕೂತರೆ ಕಾಲು ಅಲುಗುತ್ತಿತ್ತು, ನಿಂತರೆ ಬಾಯಿ. ಕೌಂಟರಿನವನ "ಬರ್ತದ, ಬರ್ತದ" ಎಂಬ ರಾಗವನ್ನು ಕಲಿತು ಅವನದೇ ದನಿಯಲ್ಲಿ ಅವನಿಗೇ ಕೇಳಿಸಿದೆ. ಅವನು ನಗಲಿಲ್ಲ. ಕಲಾವಿದನಿಗೆ ಎಲ್ಲೂ ಬೆಲೆಯಿಲ್ಲ.

ಕೊನೆಗೂ ಆಪರೇಷನ್ ಆಯಿತು. ಮರುದಿನ ಡಾಕ್ಟರು ಬಂದು ಮೂಗಿನಲ್ಲೇ ಹೇಳಿದರು: "ಅಮ್ಮಾ, ಇವತ್ತಿನಿಂದನೇ ಏಳಬೇಕು. ಮಲಗೇ ಇದ್ರ ಮುಂದ ನಡಿಯೂದು ಭಾಳ ಕಷ್ಟ."

ಅವರು ಹೋದ ಮೇಲೆ ಸಿಸ್ಟರು, ಆಯಾ ಸೇರಿ ಆಯಿಯನ್ನು ಎತ್ತಿ ವಾಕರ್ ಹಿಡಿಸಿದರು. ಸಿಸ್ಟರ ಮೊಬೈಲು ಕ್ಲಿಕ್ ಎಂದಿತು. ಮತ್ತೆ ಮಲಗಿಸಿದರು.

"ಇಷ್ಟೇ ಏನ್ರಿ ಸಿಸ್ಟರ್?"

"ನಿಂತಿದ್ ಫೋಟೊ ಸರ್ಕಾರಕ್ಕ ಹೋದ್ರ ಬಿಲ್ ಪಾಸ್ ಆಗ್ತದ್ರಿ. ದಿನಾ ನಡಸ್ಲಿಕ್ಕ ಮಂದಿ ಇಡ್ಬೇಕಂದ್ರ ಅದಕ್ಕ ಯಾರೂ ರೊಕ್ಕ ಕೊಡಂಗಿಲ್ಲ. ಮನ್ಯಾಗ ನೀವೇ ನಡಸ್ರಿ."

ಇಡೀ ವಾರ್ಡಿಗೆ ಸಿಸ್ಟರ್ ಅಂತ ಅವರೊಬ್ಬರೇ. ನಾನು ಅಣಕಿಸದೆ ಬಿಟ್ಟ ದನಿ ಅದೊಂದೇ.

ಮನೆಗೆ ಬಂದರೆ ವಾಡಿ, ಚಿತ್ತಾಪುರದ ಬೀಗರೆಲ್ಲ ಬ್ರೆಡ್ಡು ಹಿಡಿದು ಹಾಜರು. "ಏಳಬ್ಯಾಡಕ್ಕಾ, ಎಲುಬು ಕೂಡಲಿ!" ಆಯಿಗೂ ಅದೇ ಬೇಕಿತ್ತು. ಕೊಂಡು ತಂದಿದ್ದ ವಾಕರ್ ಮೇಲೆ ನನ್ನ ಚಡ್ಡಿ ಒಣಗತೊಡಗಿತು. ಅವಳ ಕಾಲು ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲ ಹಿಂದೆ ನಿಂತು ಮೂಗು ಹಿಡಿದೆ. "ಅಮ್ಮಾ, ಏಳಬೇಕು. ಮಲಗೇ ಇದ್ರ ಕಷ್ಟ."

ಆಯಿ ಗಡಬಡಿಸಿ ಸೆರಗು ಸರಿಮಾಡಿಕೊಂಡಳು. ಇಣುಕಿದೆ, ಸಿಕ್ಕಿಬಿದ್ದೆ.

"ಏ ಮಂಗ್ಯಾ! ಡಾಕ್ಟರ್ ಆಗೀ ಏನು? ಹತ್ತರ ಬಾ, ಕಪಾಳಕ್ಕ ಕೊಡ್ತೀನಿ."

"ನೀವೇ ಬಂದು ಕೊಡ್ರಿ ಅಮ್ಮಾ," ಮೂಗಿನಲ್ಲೇ ಅಂದು ವಾಕರ್ ಮೇಲಿದ್ದ ಚಡ್ಡಿ ಕಿತ್ತೆಸೆದು, ವಾಕರನ್ನು ಅವಳ ಮುಂದಿಟ್ಟೆ.

ಅವಳು ಬೈಯುತ್ತಲೇ ಎದ್ದಳು. ನಾನು ಹಿಂದೆ ಸರಿದೆ, ಅವಳು ಮುಂದೆ ಬಂದಳು. ಫರ್ಶಿ ಒಣಗಿದೆಯೋ ಇಲ್ಲವೋ ಎಂದು ಹೆಜ್ಜೆಹೆಜ್ಜೆಗೂ ಅಂಗಾಲಿನಿಂದ ಒರೆಸಿ ನೋಡುತ್ತಿದ್ದೆ. ನಡುಮನೆ ದಾಟಿದಳು. ಖುಷಿಗೆ ನನ್ನ ಕೈ ಕಿಸೆಯಲ್ಲಿದ್ದ ಮೊಬೈಲಿಗೆ ಹೋಯಿತು.

"ಫೋಟೊ ತಗೀಬ್ಯಾಡ," ಎಂದಳು ಆಯಿ, ಏದುಸಿರು ಬಿಡುತ್ತ. "ತಗದ್ರ ಮತ್ತ ಮಲಗಸ್ತೀರಿ."