ಜಿಲ್ಫಾ ಮುಟ್ಟದ ಒಂದೂವರೆ ಡಾಲರ್

ಜಾರ್ಜಿಯಾದ ಟಲ್ಲೂಸ ಕೌಂಟಿ ಕಚೇರಿಯು ಜಿಲ್ಫಾ ಗೇದರ್ ಎಂಬ ಹೆಂಗಸಿಗೆ ಒಂದೂವರೆ ಡಾಲರ್ ಕೂಲಿ ಕೊಡುವುದು ಇನ್ನೂ ಬಾಕಿ ಇದೆ. ಹೆಣ ತೊಳೆದ ಕೂಲಿ. ಹೆಣ ಅಬ್ನರ್ ಪೆಟ್ವೇಯದು, ವರ್ಷ ೧೮೭೯. ಕಚೇರಿಯವರು ಕೊಡಲು ಬಂದಿದ್ದರು, ಅವಳೇ ಮುಟ್ಟಲಿಲ್ಲ.

ಜಿಲ್ಫಾ ಹುಟ್ಟಿದ್ದು ಹಾಡ್ಜ್ ಮನೆತನದ ಜಮೀನಿನಲ್ಲಿ, ಅವರ ಸೊತ್ತಾಗಿ. ಹೇಸರಗತ್ತೆಗಳ ಪಟ್ಟಿ ಮುಗಿದ ಮೇಲೆ ಅದೇ ಹಾಳೆಯಲ್ಲಿ ಅವಳ ಹೆಸರಿತ್ತು. ಅಮೆರಿಕದ ಒಳಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಬಂದಾಗ ಅವಳಿಗೆ ಮೂವತ್ತು ದಾಟಿತ್ತು. ಗಂಡನನ್ನು ಯುದ್ಧಕ್ಕೆ ಮುಂಚೆಯೇ ಮಾರಿಬಿಟ್ಟಿದ್ದರು, ಅವನ ಸುದ್ದಿ ಮತ್ತೆ ಬರಲಿಲ್ಲ. ಅವಳ ಕೈಯಲ್ಲಿ ಉಳಿದದ್ದು ಅಜ್ಜಿ ಕಲಿಸಿದ ಕಸುಬು ಒಂದೇ, ಹೆಣ ತೊಳೆಯುವುದು. ಬೆಚ್ಚನೆ ನೀರು, ಮುಖಕ್ಕೆ ವಿನಿಗರ್ ಅದ್ದಿದ ಬಟ್ಟೆ, ಕಣ್ಣಿನ ಮೇಲೆ ನಾಣ್ಯ, ಗಲ್ಲಕ್ಕೆ ಕಟ್ಟು, ಎದೆಯ ಮೇಲೊಂದು ತಟ್ಟೆ ಉಪ್ಪು. ಕಪ್ಪು ಜನರ ಮನೆಗೂ ಹೋಗುತ್ತಿದ್ದಳು, ಬಿಳಿಯರ ಮನೆಗೂ ಹೋಗುತ್ತಿದ್ದಳು. ಬಿಳಿಯರು ಅವಳನ್ನು 'ಅತ್ತೆ' ಎಂದು ಕರೆಯುತ್ತಿದ್ದರು. ಕಪ್ಪು ಹೆಂಗಸಿಗೆ 'ಶ್ರೀಮತಿ' ಅನ್ನಲು ಅವರ ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆ ಎಂದುಬಿಟ್ಟರೆ ಮರ್ಯಾದೆ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಆ ಕೌಂಟಿಯಲ್ಲಿ ಜನ ಹೇಗೆಲ್ಲ ಸಾಯುತ್ತಾರೆಂಬುದು ವೈದ್ಯನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜ್ವರದ ಹೆಣ, ಹೆರಿಗೆಯ ಹೆಣ, ಗಿರಣಿಯ ಪಟ್ಟಿಗೆ ಸಿಕ್ಕಿದ ಹೆಣ. ಚುನಾವಣೆಯ ವರ್ಷ ಬಂದರೆ ಓಟು ಹಾಕಲು ಹೋದ ಕಪ್ಪು ಜನರ, ಹೊಳೆಯಿಂದ ಎತ್ತಿದ ಹೆಣಗಳು. ಗುಂಡು ಎಲ್ಲಿ ಹೊಕ್ಕು ಎಲ್ಲಿ ಹೊರಬಿತ್ತು ಎಂದು ಬೆರಳಲ್ಲೇ ಹೇಳಬಲ್ಲವಳಾಗಿದ್ದಳು. ಹೊಕ್ಕ ಕಡೆ ಸಣ್ಣ ತೂತು, ಹೊರಟ ಕಡೆ ಹರಿದ ಬಾಯಿ.

ಆ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಅಬ್ನರ್ ಪೆಟ್ವೇ ತನ್ನ ಪಾಲಿನ ಹತ್ತಿಯನ್ನು ಲೂಥರ್ ಹಾಡ್ಜನ ಬೀಜ ಬಿಡಿಸುವ ಜಿನ್ನಿಂಗ್ ಗಿರಣಿಗೆ ತಂದ. ಅಬ್ನರನಿಗೆ ಇಪ್ಪತ್ತಾರು ವರ್ಷ, ಹಾಡ್ಜನ ಜಮೀನನ್ನು ಪಾಲಿಗೆ ಉಳುತ್ತಿದ್ದ ಕಪ್ಪು ರೈತ. ತೂಕ ಕಡಿಮೆ ಬಂತು. "ಧಣಿ, ಇನ್ನೊಂದ್ಸಲ ತೂಗಿಬಿಡಿ, ತಕ್ಕಡಿ ಸ್ವಲ್ಪ ನಿದ್ದೆಗಣ್ಣಲ್ಲಿದೆ" ಎಂದ. ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಅಬ್ನರ್ ಗಾಡಿಯ ಕಡೆ ತಿರುಗಿದ. ಹಾಡ್ಜ್ ಪಿಸ್ತೂಲು ತೆಗೆದ.

ಸಂಜೆಯೊಳಗೆ ಹಾಡ್ಜನ ಕತೆ ಸಿದ್ಧವಾಗಿತ್ತು. ಅಬ್ನರ್ ತಕ್ಕಡಿಯ ಕಬ್ಬಿಣದ ಬಟ್ಟು ಎತ್ತಿಕೊಂಡು ಮೈಮೇಲೆ ಬಂದನಂತೆ, ಪ್ರಾಣ ಉಳಿಸಿಕೊಳ್ಳಲು ಎದುರಿನಿಂದ ಹೊಡೆಯಬೇಕಾಯಿತಂತೆ. ಕಣ್ಣಾರೆ ಕಂಡವರು ಮೂವರು. ಇಬ್ಬರು ಬಾಯಿ ಹೊಲಿದುಕೊಂಡರು, ಮೂರನೆಯವನು ಸೋಮವಾರ ಊರು ಬಿಟ್ಟು ಕನ್ಸಾಸಿನ ರೈಲು ಹತ್ತಿದ.

ಹೆಣವನ್ನು ಗಾಡಿಯಲ್ಲಿ ಜಿಲ್ಫಾಳ ಅಂಗಳಕ್ಕೆ ತಂದು ಇಳಿಸಿದರು. ಜೊತೆಗೆ ಬಂದ ಪೊಲೀಸಿನವನು, "ನಾಳೆ ಪಂಚನಾಮೆಗೆ ಸಾಹೇಬ್ರು ಬರ್ತಾರೆ, ತೊಳೆದು ಇಡು. ಕೂಲಿ ಕಚೇರಿದು" ಎಂದು ಹೇಳಿ ಹೋದ. ಎಂಟು ಮೈಲಿ ಆಚೆಯಿಂದ ಅಬ್ನರನ ತಾಯಿ ಕೆಜೀಯಾ ನಡೆದುಕೊಂಡು ಬರುತ್ತಿದ್ದಾಳೆ ಎಂದು ಸುದ್ದಿ ಬಂತು.

ಜಿಲ್ಫಾಳಿಗೆ ಅಜ್ಜಿ ಹಾಕಿಕೊಟ್ಟ ಎರಡು ಕಟ್ಟಳೆಗಳಿದ್ದವು. ಹೆತ್ತವಳ ಕಣ್ಣಿಗೆ ರಕ್ತ ಬೀಳಬಾರದು. ಕೊಲೆಯಾದವನ ಬಟ್ಟೆ ತೊಳೆಯದೆ ಒಂದು ರಾತ್ರಿ ಸೂರಿನಡಿ ಉಳಿಯಬಾರದು, ಉಳಿದರೆ ಅದು ಮತ್ತೊಂದು ಸಾವನ್ನು ಕರೆಯುತ್ತದೆ. ಹೆಣವನ್ನು ಮಗ್ಗುಲಾಗಿ ತಿರುಗಿಸಿದಳು. ಬೆನ್ನಿನಲ್ಲಿ, ಬೆನ್ನುಮೂಳೆಯ ಎಡಕ್ಕೆ, ಕಿರುಬೆರಳು ಹೋಗುವಷ್ಟು ತೂತು, ಸುತ್ತ ಮದ್ದಿನ ಮಸಿ. ಎದೆಯಲ್ಲಿ ಹರಿದ ಬಾಯಿ. ಕೈಯಳತೆಯ ದೂರದಿಂದ, ಹಿಂದಿನಿಂದ ಹೊಡೆದದ್ದು. ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾದರೂ ಕೈ ತನ್ನ ಕೆಲಸ ತಾನು ಮಾಡುತ್ತಲೇ ಹೋಯಿತು. ಎರಡೂ ತೂತಿಗೆ ಹತ್ತಿ ತುರುಕಿ ಮೇಣ ಮೆತ್ತಿದಳು. ಬೆನ್ನಿನ ಮಸಿಯನ್ನು ಸಾಬೂನು ಹಾಕಿ ಉಜ್ಜಿದಳು. ಬಿಳಿ ಹೆಣದಂಗಿ ತೊಡಿಸಿದಳು. ಸತ್ತವನ ಅಂಗಿಯನ್ನು ಬೂದಿನೀರಿನ ಕೊಳಗಕ್ಕೆ ಹಾಕಿ ಕುದಿಸಿದಳು. ಕೆಜೀಯಾ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಮಗ ನಿದ್ದೆ ಹೋದವನ ಹಾಗೆ ಮಲಗಿದ್ದ.

ಅಷ್ಟು ಅಚ್ಚುಕಟ್ಟಾಗಿ ಅವಳು ಯಾವ ಹೆಣವನ್ನೂ ತೊಳೆದಿರಲಿಲ್ಲ.

ಭಾನುವಾರ ಚರ್ಚು ಮುಗಿಸಿಕೊಂಡು ಪಂಚನಾಮೆಯ ಅಧಿಕಾರಿ ಡಾಕ್ಟರ್ ಬಾಸ್ ಬಂದ, ಹಿಂದೆ ಆರು ಜನ ಬಿಳಿಯ ಪಂಚರು. ಒಬ್ಬ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. ಡಾಕ್ಟರ್ ಹೆಣದಂಗಿಯ ಗುಂಡಿ ಬಿಚ್ಚಿ ಎದೆ ನೋಡಿ, ಮತ್ತೆ ಹಾಕಿದ.

"ಮಗ್ಗುಲು ತಿರುಗಿಸಿ ನೋಡಿ, ಸಾಹೇಬ್ರೆ" ಎಂದಳು ಜಿಲ್ಫಾ.

"ಯಾಕತ್ತೆ, ಮಲಗಿ ಮಲಗಿ ಅವನ ಬೆನ್ನು ನೋಯ್ತಿದೆಯಾ?" ಎಂದ ಕಡಲೆಕಾಯಿಯವನು. ಎಲ್ಲರೂ ನಕ್ಕರು.

"ಗುಂಡು ಹೊಕ್ಕಿರೋದು ಬೆನ್ನಲ್ಲಿ. ಸುತ್ತ ಮದ್ದಿನ ಮಸಿ ಇತ್ತು."

ಡಾಕ್ಟರ್ ಅರೆಮನಸ್ಸಿನಿಂದ ಹೆಣವನ್ನು ತಿರುಗಿಸಿದ. ಮೇಣ ಮೆತ್ತಿದ, ಸ್ವಚ್ಛವಾದ ಬೆನ್ನು. "ಎಲ್ಲಿದೆ ಮಸಿ?"

"ತೊಳ್ದೆ."

"ಎರಡು ಕಡೆನೂ ನೀನೇ ಮೆತ್ತಿದೀಯ. ಯಾವುದು ಒಳಗೆ ಹೋದದ್ದು, ಯಾವುದು ಹೊರಗೆ ಬಂದದ್ದು, ನಾನು ಹೆಂಗೆ ಹೇಳಲಿ?"

"ಮೇಣ ಕಿತ್ತು ನೋಡಿ ಸ್ವಾಮಿ. ನಾನೇ ಕಿತ್ತು ತೋರಿಸ್ತೀನಿ."

"ಬೇಡ ಬೇಡ, ತಾಯಿ ಕೂತಿದಾಳೆ" ಎಂದ ಡಾಕ್ಟರ್, ದೊಡ್ಡ ಮನಸ್ಸಿನವನ ಹಾಗೆ. "ಅವನು ಹಾಕಿದ್ದ ಅಂಗಿ ತೋರಿಸು."

ಜಿಲ್ಫಾ ಬೇಲಿಯ ಮೇಲೆ ಒಣಗುತ್ತಿದ್ದ ಅಂಗಿ ತಂದು ಹಿಡಿದಳು. ರಕ್ತವಿಲ್ಲ, ಮಸಿಯಿಲ್ಲ. ಮುಂದೊಂದು ಹರಕು, ಹಿಂದೊಂದು ತೂತು. ಕಡಲೆಕಾಯಿಯವನು ಬೆಳಕಿಗೆ ಹಿಡಿದು ಮೆಚ್ಚಿದ. "ನಮ್ಮನೆಯವಳು ಇಷ್ಟು ಬೆಳ್ಳಗೆ ಒಗೆದಿದ್ರೆ ನಾನು ಚರ್ಚಲ್ಲಿ ಮುಂದಿನ ಸಾಲಲ್ಲಿ ಕೂರ್ತಿದ್ದೆ."

ಆತ್ಮರಕ್ಷಣೆ ಎಂದು ಬರೆದರು. ಜಿಲ್ಫಾಳ ಕೂಲಿಯ ಚೀಟಿಯನ್ನೂ ಅಲ್ಲೇ ಬರೆದರು. 'ಅಬ್ನರ್ ಪೆಟ್ವೇ, ಎದೆಗೆ ಗುಂಡು ತಗಲಿ ಸತ್ತವನು, ಅವನ ಹೆಣ ತೊಳೆದದ್ದಕ್ಕೆ ಒಂದೂವರೆ ಡಾಲರ್.' ಓದು ಬರದ ಅವಳು ಸಹಿಯ ಬದಲು ಕೆಳಗೆ ಒಂದು ಗೀಟು ಎಳೆದರೆ ಸಾಕು.

"ಏನು ಬರೆದಿದೆ, ಓದಿ" ಎಂದಳು. ಓದಿದರು.

"ಬೆನ್ನಿಗೆ ಅಂತ ಬರೀರಿ. ಗೀಟು ಹಾಕ್ತೀನಿ."

"ಹಾಕದಿದ್ರೆ ಕಾಸಿಲ್ಲ."

"ಸರಿ ಬಿಡಿ."

ಅವರು ಹೋದ ಮೇಲೆ ಕೆಜೀಯಾ ಎದ್ದು ಬಂದಳು. ಅಂಗಿ ಕಸಿದುಕೊಂಡು ಹಿಂದಿನ ತೂತಿಗೆ ಬೆರಳು ತೂರಿಸಿದಳು.

"ಯಾರಿಗೋಸ್ಕರ ತೊಳೆದೆ ಇದನ್ನ?"

"ನಿನಗೋಸ್ಕರ ಕಣಕ್ಕ. ನೀನು ನೋಡಬಾರದು ಅಂತ."

"ನಾನು ನೋಡ್ತಿದ್ದೆ! ಹೆತ್ತಿದೀನಿ, ಆಗ ನೋಡಿಲ್ವಾ ರಕ್ತ? ನಾನು ನೋಡಿದ್ರೆ ಅವರೂ ನೋಡಬೇಕಾಗ್ತಿತ್ತು."

ಅಂದಿನಿಂದ ಸಾಯುವವರೆಗೆ ಜಿಲ್ಫಾ ಕೊಲೆಯಾದವರ ಬಟ್ಟೆಯನ್ನು ಪಂಚನಾಮೆಗೆ ಮುಂಚೆ ನೀರಿಗೆ ಹಾಕಲಿಲ್ಲ. 'ಸಾವು ಕರೀತಾಳೆ' ಎಂದು ಕಪ್ಪು ಜನರಾದ ನಮ್ಮವರೇ ಅವಳ ಅಂಗಳ ತಪ್ಪಿಸಿ ನಡೆದರು.

ಕೌಂಟಿ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ನವೆಂಬರಿನ ಮೊದಲ ಸೋಮವಾರ, ತುಂಬಿದ ಸಭೆಯಲ್ಲಿ, ಯಾರೂ ಬಂದು ಪಡೆಯದ ಬಾಕಿಗಳನ್ನು ಗುಮಾಸ್ತ ಗಟ್ಟಿಯಾಗಿ ಓದಬೇಕು. ಸೇತುವೆಯ ಹಲಗೆ, ಕುದುರೆಯ ಲಾಳ, ಜೈಲಿನ ಕಂಬಳಿ. ೧೮೮೦ರಲ್ಲಿ ಅವುಗಳ ನಡುವೆ ಗುಮಾಸ್ತ ಓದಿದ: "ಜಿಲ್ಫಾ ಗೇದರ್, ಎದೆಗೆ ಗುಂಡು ತಗಲಿ ಸತ್ತ ಅಬ್ನರ್ ಪೆಟ್ವೇಯ ಹೆಣ ತೊಳೆದದ್ದಕ್ಕೆ, ಒಂದೂವರೆ." ಕಪ್ಪು ಜನ ನಿಲ್ಲುವ ಹಿಂದಿನ ಗೋಡೆಯಿಂದ ದನಿ ಬಂತು. "ಬೆನ್ನಿಗೆ ಗುಂಡು ಬಿದ್ದವನು, ಸ್ವಾಮಿ. ತಿದ್ದಿಕೊಡಿ, ತಗೊಂಡು ಹೋಗ್ತೀನಿ." ಜಿಲ್ಫಾಳ ಕೈಯಲ್ಲಿ ಕೆಜೀಯಾ ಕೊಟ್ಟಿದ್ದ ಆ ಅಂಗಿ ಇತ್ತು.

ಮರುವರ್ಷವೂ ಓದಿದರು. ಅದರ ಮರುವರ್ಷವೂ. ಲೂಥರ್ ಹಾಡ್ಜ್ ಕೌಂಟಿಯ ಆಡಳಿತ ಮಂಡಳಿಗೆ ಆರಿಸಿ ಬಂದು ಮೇಜಿನ ಹಿಂದೆ ಕೂತ. ಅಲ್ಲಿ ಕೂತೇ ಆ ಹೆಸರು ಕೇಳಬೇಕಾಯಿತು, ಹಿಂದಿನ ಗೋಡೆಯ ಬಳಿ ಆ ಅಂಗಿ ನೋಡಬೇಕಾಯಿತು. ಒಂದು ದಿನ ಅವಳ ಬಾವಿಕಟ್ಟೆಗೆ ಕುದುರೆ ತಂದು ನಿಲ್ಲಿಸಿದ.

"ತಗೋ ಅತ್ತೆ, ಐದು ಡಾಲರ್. ಹೋಗಿ ಒಂದು ಗೀಟು ಎಳೆದು ಬಾ."

"ನನ್ನ ಕೂಲಿ ಒಂದೂವರೆ, ಧಣಿ. ಮಿಕ್ಕ ಮೂರೂವರೆ ಯಾತಕ್ಕೆ?"

ಆ ವಾರ ಅವಳ ಒಗೆಯುವ ತೊಟ್ಟಿಗಳಿಗೆ ಯಾರೋ ಗುಂಡು ಹಾರಿಸಿ ತೂತು ಮಾಡಿದರು. ಮುಂದಿನ ವರ್ಷ ಕೊಟ್ಟಿಗೆ ಸುಟ್ಟಿತು. ಹಾಡ್ಜನ ತಾಯಿ ಸತ್ತಾಗ ಮಾತ್ರ ಕರೆ ಬಂತು, ತೊಳೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಜಿಲ್ಫಾ ಹೋದಳು, ಚೆನ್ನಾಗಿಯೇ ತೊಳೆದಳು, ಒಂದೂವರೆ ಡಾಲರ್ ಎಣಿಸಿಕೊಂಡು ಬಂದಳು. ಆ ನವೆಂಬರಿನಲ್ಲೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಕೆಜೀಯಾ ಪಕ್ಕದಲ್ಲಿ ನಿಂತಿದ್ದಳು.

ಒಟ್ಟು ಇಪ್ಪತ್ತೊಂದು ಸಲ ಓದಿದರು. ೧೯೦೧ರ ಬೇಸಿಗೆಯಲ್ಲಿ ಜಿಲ್ಫಾ ಜ್ವರ ಬಂದು ಸತ್ತಳು. ಕಣ್ಣು ಮಂಜಾಗಿದ್ದ ಕೆಜೀಯಾ ತಡವರಿಸಿಕೊಂಡೇ ಅವಳನ್ನು ತೊಳೆದಳು. ಶರತ್ಕಾಲ ಬರುವ ಮುಂಚೆಯೇ ಗುಮಾಸ್ತ ಬಾಕಿ ಪುಸ್ತಕದ ಆ ಸಾಲಿನ ಮೇಲೆ ಗೆರೆ ಎಳೆದು, 'ಕೇಳುವವರಿಲ್ಲ' ಎಂದು ಬರೆದ.

ಗೆರೆಯ ಕೆಳಗಿನ ಅಕ್ಷರ ಇನ್ನೂ ಓದಲು ಬರುತ್ತದೆ. ಆ ಪುಸ್ತಕ ಕೌಂಟಿ ಕಚೇರಿಯ ಕಪಾಟಿನಲ್ಲಿದೆ, ಅಂಗಿ ನಮ್ಮ ಚರ್ಚಿನ ಪೆಟ್ಟಿಗೆಯಲ್ಲಿದೆ. ಇದನ್ನು ಓದಿ ಅಯ್ಯೋ ಪಾಪ ಎಂದು ಮಡಚಿಡಬೇಡಿ. ಬರುವ ನವೆಂಬರಿನ ಮೊದಲ ಸೋಮವಾರ ಕೆಲಸಕ್ಕೆ ರಜೆ ಹಾಕಿ ಬನ್ನಿ. ಮೊದಲು ಅಂಗಿಯ ಹಿಂದಿನ ತೂತಿಗೆ ನಿಮ್ಮ ಬೆರಳು ತೂರಿಸಿ ನೋಡಿ. ಆಮೇಲೆ ಕಚೇರಿಗೆ ಹೋಗಿ, ಆ ಪುಟ ತೆಗೆಸಿ, ಗುಮಾಸ್ತನ ಎದುರು ನಿಂತು ಕೇಳುವವರು ಇದ್ದಾರೆ ಎನ್ನಿ. 'ಎದೆಗೆ' ಎಂಬುದನ್ನು ಹೊಡೆದು 'ಬೆನ್ನಿಗೆ' ಎಂದು ಬರೆಯುವವರೆಗೆ ಅಲ್ಲಿಂದ ಕದಲಬೇಡಿ.