ತುಟಿ ಕೂಡದ ಮಾತು

ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ, ಬೆಟಗೇರಿಯ ನಮ್ಮ ಮನೆಯಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿಯಲ್ಲಿ ಅರ್ಧ ಮುಖ ಜೋತುಬಿದ್ದಿತ್ತು. ಡಾಕ್ಟರು ನೋಡಿ, "ಮುಖದ ನರಕ್ಕ ಬಾವು ಬಂದೈತ್ರಿ. ಗುಳಿಗಿ ತಗೋರಿ, ಎರಡ್ಮೂರು ತಿಂಗಳದಾಗ ಸರಿಯಾಗ್ತೈತಿ" ಎಂದರು.

ತುಟಿಗಳು ಕೂಡುತ್ತಿರಲಿಲ್ಲ. ಪ, ಬ, ಮ ಮೂರೂ ಹೋದವು. ಅಮ್ಮಿಯನ್ನು ಕರೆಯಲಾರೆ, ಅಬ್ಬಾನನ್ನೂ ಕರೆಯಲಾರೆ. ಪದ್ಯ ಓದಿ ಹೇಳುವುದೇ ನನ್ನ ಕೆಲಸ. ರಜೆ ಹಾಕಿ, ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತ ಕುಳಿತುಬಿಟ್ಟೆ.

ಧಾರವಾಡದಲ್ಲಿ ಭಾಷಾವಿಜ್ಞಾನ ಓದುವ ಅಕ್ಕನ ಮಗಳು ನೋಡಲು ಬಂದಳು.

"ಖಾಲಾ, ಪ ಬ ಮ ಇಲ್ಲದ ಭಾಷಾನೂ ಅದಾವು, ಗೊತ್ತೈತೇನು?"

ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಇರೊಕ್ವಾಯ್ ಎಂಬ ಭಾಷಾಕುಟುಂಬವಿದೆಯಂತೆ, ನಮ್ಮ ದ್ರಾವಿಡದ ಹಾಗೆ. ಮೊಹಾಕ್ ಅದರಲ್ಲೊಂದು. ಫೋನಿನಲ್ಲಿ ಒಬ್ಬ ಮೊಹಾಕ್ ಅಜ್ಜಿಯನ್ನು ತೋರಿಸಿದಳು. ಅಜ್ಜಿ ಗೋವಿನಜೋಳದ ತೆನೆ ಸುಲಿಯುತ್ತ ಏನೋ ಹೇಳುತ್ತಿದ್ದಳು. ನಾನು ಅವಳ ತುಟಿಗಳನ್ನೇ ನೋಡಿದೆ. ಮಾತಿನ ನಡುವೆ ಒಮ್ಮೆಯೂ ಅವು ಕೂಡಲಿಲ್ಲ.

'ತಾಯಿಗೆ ಏನಂತಾರ?' ಎಂದು ಬರೆದೆ.

"ಇಸ್ತ."

"ಇಸ್ತ" ಎಂದೆ. ಸ್ವಚ್ಛವಾಗಿ ಬಂತು. ನನಗೇ ನಂಬಿಕೆಯಾಗದೆ, ಅಡುಗೆಮನೆಯತ್ತ ತಿರುಗಿ ಇನ್ನೊಮ್ಮೆ ಜೋರಾಗಿ ಕೂಗಿದೆ.

ಅಮ್ಮಿ ಹೊರಗೆ ಬಂದಳು. "ಯಾರನ್ನ ಕರಿಯಾಕತ್ತೀ?"

ಅಕ್ಕನ ಮಗಳು ಎಲ್ಲ ವಿವರಿಸಿದಳು. ಅಮ್ಮಿ ಕೈ ಒರೆಸಿಕೊಳ್ಳುತ್ತ, "ಆತು, ಹಂಗ ಕರಿ. ಓ ಅಂತೀನಿ" ಎಂದಳು. ನನಗೆ ಅಳು ಬಂತು.

ಮುಂದಿನ ವಾರ ಅದೇ ಸೊಟ್ಟ ಮುಖದಲ್ಲಿ ಶಾಲೆಗೆ ಹೋದೆ. ಒಂಬತ್ತನೆಯ ತರಗತಿಗೆ ನಡೆದದ್ದನ್ನು ಬರೆದೂ ತೊದಲಿಯೂ ಹೇಳಿ, ತುಟಿ ಕೂಡಿಸದೆ ಮಾತಾಡಿ ನೋಡಿ ಎಂದೆ. ಎಲ್ಲರೂ ನಗುತ್ತ ತಿಣುಕಿದರು. ಒಬ್ಬಳು, "ಅಕ್ಕೋರ, ನಮ್ಮೂರ ಹೆಸರ ಹೇಳಾಕೂ ಆಗವಲ್ದರಿ!" ಎಂದಳು. ಆಮೇಲೆ ಅವಳೇ ಕೇಳಿದಳು: "ಅಲ್ಲೆ ಸಣ್ಣ ಹುಡುಗರೂ ಅದನ್ನ ಮಾತಾಡ್ತಾರೇನ್ರಿ?"

ಹಿಂದೆ ಶಾಲೆಗಳಲ್ಲಿ ಆ ಭಾಷೆ ಆಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದರಂತೆ; ಹಾಗಾಗಿ ಬಲ್ಲವರು ಕಡಿಮೆಯಾದರು. ಈಗ ಉಳಿದ ಹಿರಿಯರು ಶಾಲೆಗಳಲ್ಲೇ ಚಿಕ್ಕವರಿಗೆ ಕಲಿಸುತ್ತಿದ್ದಾರೆ. ಇದನ್ನು ಬೋರ್ಡಿನ ಮೇಲೆ ಬರೆದೆ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೂರನೆಯ ತಿಂಗಳಲ್ಲಿ ಮೊದಲು ಮ ಬಂತು, ಆಮೇಲೆ ಬ, ಕೊನೆಗೆ ಪ. ನಕ್ಕಾಗ ಎಡಗಣ್ಣು ಮಾತ್ರ ಈಗಲೂ ತುಸು ಕಿರಿದಾಗುತ್ತದೆ.