ಬಿಸಿನೀರಿಗೆ ಪಾಲಿಸಿ ಮಾಡಿಸಿದ ವರ್ಷ

ಕುವೈತಿನಲ್ಲಿ ಚಳಿಯಾಗುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ಅತ್ತೆಯೂ ನಂಬಿರಲಿಲ್ಲ. ಜನವರಿಯಲ್ಲಿ ಮಗಳ ಮನೆಗೆಂದು ಮಂಡ್ಯದಿಂದ ಬಂದವರ ಪೆಟ್ಟಿಗೆಯಲ್ಲಿ ಆರು ಕಾಟನ್ ಸೀರೆ, ಎರಡು ಡಬ್ಬಿ ಚಟ್ನಿಪುಡಿ, ಒಂದು ಬೀಸಣಿಗೆ ಇದ್ದವು, ಸ್ವೆಟರ್ ಇರಲಿಲ್ಲ. ಅವರು ಬಂದ ಮೂರನೆಯ ಬೆಳಿಗ್ಗೆ ನಮ್ಮ ಸಾಲ್ಮಿಯಾ ಫ್ಲ್ಯಾಟಿನ ಬಾಯ್ಲರ್ ಕೆಟ್ಟುಹೋಯಿತು.

ಬಾಯ್ಲರ್ ಎಂದರೆ ಬೇರೇನಲ್ಲ, ನಮ್ಮ ಗೀಸರೇ. ಸ್ವಲ್ಪ ದಪ್ಪ, ಸ್ವಲ್ಪ ಉದ್ದ, ಬಚ್ಚಲಿನ ಸೂರಿಗೆ ಬೆನ್ನು ಅಂಟಿಸಿಕೊಂಡು ಮಲಗಿರುವ ಬಿಳಿಯ ಪೀಪಾಯಿ. ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತಬೇಕು. ಹತ್ತಲಿಲ್ಲ. ತಾರಸಿಯ ಟ್ಯಾಂಕಿನಿಂದ ಬರುವ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು.

ನನಗೆ ಗಾಬರಿಯೇನೂ ಆಗಲಿಲ್ಲ. ಒಳಗೊಳಗೆ ಖುಷಿಯೇ ಆಯಿತು ಎಂದರೂ ಸುಳ್ಳಲ್ಲ. ಏಕೆಂದರೆ ಹಿಂದಿನ ಆಗಸ್ಟಿನಲ್ಲಿ ಮಾಲ್ ಒಂದರ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಣ್ಣುಮಗಳೊಬ್ಬಳ ಹತ್ತಿರ ನಾನು ಹೋಮ್ ಕವರ್ ಪಾಲಿಸಿ ಮಾಡಿಸಿದ್ದೆ. ಎಸಿ, ನಲ್ಲಿ, ವೈರಿಂಗು, ಬಾಯ್ಲರು, ಏನು ಕೆಟ್ಟರೂ ಒಂದು ಫೋನು ಮಾಡಿದರೆ ಸಾಕು, ಅವರೇ ಬಂದು ಸರಿಮಾಡುತ್ತಾರೆ. ದಂತವೈದ್ಯೆಯಾದ ನನ್ನ ಹೆಂಡತಿ ಆಗ ನಕ್ಕಿದ್ದಳು. ಬಾಡಿಗೆ ಮನೆಗೆ ಯಾರಾದರೂ ಇಂಥದ್ದು ಮಾಡಿಸುತ್ತಾರೆಯೇ ಎಂದಿದ್ದಳು. ಆದರೆ ಆ ಹೆಣ್ಣುಮಗಳು, ಸಾರ್ ಎಂಜಿನಿಯರ್, ನಿಮಗೆ ಇದರ ಬೆಲೆ ಗೊತ್ತಾಗುತ್ತದೆ ಎಂದಿದ್ದಳು. ನಾನು ಕರಗಿಹೋಗಿದ್ದೆ.

ಎಂಜಿನಿಯರ್ ಎಂಬುದು ನಿಜ. ಯಾವ ಬಗೆಯ ಎಂಜಿನಿಯರ್ ಎಂಬುದನ್ನು ಅತ್ತೆಗೆ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ವಿದ್ಯುತ್ ಸ್ಥಾವರವೊಂದರಲ್ಲಿ ಐದು ಅಂತಸ್ತಿನ ಮನೆಯಷ್ಟು ಎತ್ತರದ ಬಾಯ್ಲರುಗಳ ನಿರ್ವಹಣೆ ನನ್ನ ಕೆಲಸ.

"ಅಲ್ಲ, ದೇಶಕ್ಕೆಲ್ಲ ಬಾಯ್ಲರ್ ನೋಡ್ಕೊಳೋರು ಇದೊಂದು ಬಿಚ್ಚಿ ನೋಡಬಾರ್ದಾ?" ಎಂದರು ಅತ್ತೆ.

ನೋಡಬಾರದಿತ್ತು. ಕಂಪನಿಯ ಜನ ಬಿಟ್ಟು ಇನ್ನಾರು ಕೈಹಚ್ಚಿದರೂ ಕವರ್ ರದ್ದು ಎಂದು ಪಾಲಿಸಿಯಲ್ಲಿ ಬರೆದಿತ್ತು. ಪಾಲಿಸಿದಾರನ ಸ್ವಂತ ಕೈಯೂ ಆ ಪಟ್ಟಿಯಲ್ಲಿತ್ತು.

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಡಮ್ ಆಗಿದ್ದವರು. ತಣ್ಣೀರು ಸ್ನಾನದಿಂದ ಶಿಸ್ತು ಬರುತ್ತದೆ ಎಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಕ್ಕಳಿಗೆ ಅಷ್ಟೂ ವರ್ಷ ಹೇಳಿದವರು. ಆ ಬೆಳಿಗ್ಗೆ ಅದನ್ನು ನಮಗೂ ನೆನಪಿಸಿ, ಟವಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು. ಒಂದು ಚೊಂಬು ನೀರು ಬಿದ್ದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಆಮೇಲೆ ಹಳೆಯ ಕಾರು ಸ್ಟಾರ್ಟ್ ಆಗಲು ಪ್ರಯತ್ನಿಸುವಂಥ ಒಂದು ದನಿ ಬಹಳ ಹೊತ್ತು ಕೇಳಿಸಿತು. ಹೊರಬಂದವರು ಎರಡು ರಗ್ಗು ಹೊದ್ದು, ಮೂಗು ಮಾತ್ರ ಹೊರಗಿಟ್ಟು ಸೋಫಾದಲ್ಲಿ ಕೂತರು. ಹತ್ತು ನಿಮಿಷ ಕಳೆದ ಮೇಲೆ ರಗ್ಗಿನೊಳಗಿಂದ ಮಾತು ಬಂತು.

"ನಾನು ಹೇಳಿದ್ದು ಮಕ್ಕಳಿಗೆ."

ಕಂಪನಿಗೆ ಫೋನು ಮಾಡಿದೆ. ಜೇನಿನಂಥ ದನಿಯ ಈಜಿಪ್ಟಿನವನೊಬ್ಬ ನನ್ನ ಕಷ್ಟಕ್ಕೆ ತುಂಬ ನೊಂದುಕೊಂಡು, ದೂರಿನ ನಂಬರು ಕೊಟ್ಟು, ಎರಡು ದಿನದೊಳಗೆ ಜನ ಬರುತ್ತಾರೆ ಎಂದ. ಆರನೆಯ ದಿನ ಒಬ್ಬ ಬಂದ. ಬಾಯ್ಲರಿನ ಫೋಟೋ ತೆಗೆದ. ಸ್ವಿಚ್ಚಿನ ಫೋಟೋ ತೆಗೆದ. ಬಾಗಿಲು, ನೆಲ, ಷವರ್, ಎಲ್ಲವನ್ನೂ ತೆಗೆದ. ಕೊನೆಗೆ ನನ್ನನ್ನು ಬಾಯ್ಲರಿನ ಕೆಳಗೆ ನಿಲ್ಲಿಸಿ, ಕೈಯೆತ್ತಿ ಅದರತ್ತ ಬೆರಳು ತೋರಿಸಲು ಹೇಳಿ ಒಂದು ತೆಗೆದ. ನಾನು ಯಾಕೋ ನಕ್ಕುಬಿಟ್ಟೆ; ನಗಬಾರದು ಎಂದು ಇನ್ನೊಂದು ತೆಗೆದ. ಆಮೇಲೆ ಚಪ್ಪಲಿ ಹಾಕಿಕೊಂಡ. ರಿಪೇರಿ ಯಾವಾಗ ಎಂದು ಕೇಳಿದೆ.

"ಮೈ ಸಿರ್ಫ್ ಫೋಟೋವಾಲಾ ಹೂಂ, ಭಾಯಿ," ಎಂದು ಹೊರಟೇಹೋದ.

ಅಷ್ಟು ಫೋಟೋಗಳಲ್ಲಿ ಬೇಕಾದ ಒಂದು ಇರಲಿಲ್ಲ ಎಂದು ವಾರದ ಮೇಲೆ ಕಂಪನಿಯಿಂದ ಸಂದೇಶ ಬಂತು. ಬಾಯ್ಲರಿನ ಮಾಡೆಲ್ ನಂಬರಿರುವ ತಗಡಿನ ಚಿತ್ರ ಬೇಕಂತೆ. ಆ ತಗಡು ಇದ್ದದ್ದು ಪೀಪಾಯಿಯ ಬೆನ್ನಿಗೆ, ಸೂರಿನತ್ತ ಮುಖ ಮಾಡಿಕೊಂಡು. ನಡುವೆ ಎರಡು ಬೆರಳಿನಷ್ಟು ಸಂದು, ಫೋನು ಹೋಗುವಂತಿಲ್ಲ. ಹೆಂಡತಿ ಕ್ಲಿನಿಕ್ಕಿನಿಂದ ದವಡೆ ಹಲ್ಲು ನೋಡುವ ಪುಟ್ಟ ಕನ್ನಡಿ ತಂದಳು. ನಾನು ಸ್ಟೂಲು ಹಿಡಿದುಕೊಂಡೆ, ಅತ್ತೆ ಟಾರ್ಚು ಹಿಡಿದರು, ಅವಳು ಬಾಯ್ಲರಿನ ಹಿಂದೆ ಕನ್ನಡಿ ತೂರಿಸಿ, ರೋಗಿಗೆ ಹೇಳುವ ಅಭ್ಯಾಸದಿಂದ ಇನ್ನೂ ಸ್ವಲ್ಪ ಬಾಯಿ ತೆರೆಯಿರಿ ಎಂದಳು. ಕನ್ನಡಿಯಲ್ಲಿ ಕಂಡ ತಗಡನ್ನು ಫೋಟೋ ತೆಗೆದು ಕಳಿಸಿದೆವು. ಮೂವರೂ ನಮ್ಮ ಜಾಣತನವನ್ನು ಮೆಚ್ಚಿಕೊಂಡು ಕಾಫಿ ಕುಡಿದೆವು.

ಈ ಮಧ್ಯೆ ಸ್ನಾನಕ್ಕೆ ಏನೇನೋ ಏರ್ಪಾಡುಗಳಾಗಿದ್ದವು. ಮೊದಲು ಚಹಾದ ಕೆಟಲಿನಲ್ಲಿ ನೀರು ಕಾಯಿಸಿದೆವು. ಏಳನೆಯ ಕೆಟಲು ಕುದಿಯುವಷ್ಟರಲ್ಲಿ ಮೊದಲನೆಯದು ಆರಿರುತ್ತಿತ್ತು. ಆಮೇಲೆ ದೊಡ್ಡ ಪ್ರೆಷರ್ ಕುಕ್ಕರ್ ಇಟ್ಟೆವು. ಮೂರು ದಿನ ಅದು ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಐದನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, "ಅಪ್ಪಾ, ಎವೆರಿಬಡಿ ಸೇಸ್ ಐ ಸ್ಮೆಲ್ ಲೈಕ್ ಸಾಂಬಾರ್," ಎಂದಳು. ಮೂಸಿ ನೋಡಿದೆ. ಇಂಗೂ ಇತ್ತು.

ಆಗ ಕೈಹಿಡಿದವರು ಮೇಲಿನ ಮಹಡಿಯ ಉಡುಪಿ ಕಡೆಯ ತುಳು ಮಾತಾಡುವ ಹೆಂಗಸು. ಗಂಡನಿಗೆ ಹೋಟೆಲಿನಲ್ಲಿ ಕೆಲಸ, ಇವರಿಗೆ ಆಫೀಸೊಂದರಲ್ಲಿ. ವಿಷಯ ಕೇಳಿದ್ದೇ, "ನಮ್ಮ ಬಾತ್ರೂಮು ಉಂಟಲ್ಲ ಮಾರಾಯ್ರೆ, ಬನ್ನಿ," ಎಂದು ಕೀಲಿಯನ್ನೇ ಕೊಟ್ಟರು. ಅತ್ತೆ ರಗ್ಗಿನಿಂದ ಎದ್ದು ಬಂದು ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದರು. ತಲಾ ಎಂಟು ನಿಮಿಷ. ತಲೆಸ್ನಾನಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ನನ್ನ ಸರದಿ ಬೆಳಿಗ್ಗೆ ಐದೂ ಮುಕ್ಕಾಲಿಗೆ.

ಹೀಗೆ ಒಂದು ಶುಕ್ರವಾರ, ರಜೆಯೆಂದು ತಡವಾಗಿ ಸ್ನಾನ ಮುಗಿಸಿ, ಪಂಚೆಯುಟ್ಟು, ತಲೆಗೆ ಟವಲ್ ಸುತ್ತಿ, ಸೋಪಿನ ಡಬ್ಬಿಯಿದ್ದ ಬಕೆಟ್ ಹಿಡಿದು ಲಿಫ್ಟಿಗೆ ಕಾಲಿಟ್ಟೆ. ಒಳಗೆ ಕಟ್ಟಡದ ಮಾಲೀಕರು ನಿಂತಿದ್ದರು. ಇಸ್ತ್ರಿಯ ಗೆರೆ ಕೂಡ ಮಾಸದ ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟ, ಗಂಭೀರ ಮುಖದ ಕುವೈತಿ. ವರ್ಷಕ್ಕೊಮ್ಮೆ ತಾರಸಿ ನೋಡಲು ಬರುವವರು. ಅವರು ನನ್ನ ಟವಲನ್ನೂ ಬಕೆಟನ್ನೂ ನೋಡಿ, "ಶಿನು ಹಾದಾ?" ಎಂದರು. ಇದೇನಿದು ಎಂದು.

ನಾನು ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಮೃದುವಾಗಿ ಇಂಗ್ಲಿಷಿನಲ್ಲಿ, ನನ್ನ ಪ್ಲಂಬರ್ ಮೇಲೆ ತಾರಸಿಯಲ್ಲೇ ಇದ್ದಾನೆ, ಈಗಲೇ ಕಳಿಸುತ್ತೇನೆ, ಅರ್ಧ ಗಂಟೆಯ ಕೆಲಸ, ಖಲಾಸ್ ಎಂದರು. ಆಗ ನಾನು ಹೇಳಿದ ಮಾತನ್ನು ನನ್ನ ಮನೆಯವರು ಇಂದಿಗೂ ಕ್ಷಮಿಸಿಲ್ಲ. ಬೇಡ ಸರ್, ಕವರ್ ರದ್ದಾಗುತ್ತದೆ ಎಂದೆ. ಮಾಲೀಕರು ನನ್ನನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ನಮ್ಮ ಮಹಡಿ ಬಂದಾಗ ತಾವೇ ಬಟನ್ ಒತ್ತಿಹಿಡಿದು, ಕಾಯಿಲೆಯವರನ್ನು ಇಳಿಸುವಂತೆ ನಿಧಾನವಾಗಿ ಇಳಿಸಿದರು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ನನ್ನ ಹೆಸರಿಗಿದ್ದ ಎಂಟು ನಿಮಿಷವನ್ನು ಐದಕ್ಕೆ ಇಳಿಸಿದರು.

ಫೆಬ್ರವರಿಯಲ್ಲಿ ಕಂಪನಿಯ ಜನ ಬಿಡಿಭಾಗದ ಡಬ್ಬ ಹಿಡಿದು ಬಂದರು. ಡಬ್ಬ ಬಿಚ್ಚಿದರೆ ಒಳಗಿದ್ದದ್ದು ಬಟ್ಟೆ ಒಗೆಯುವ ಮೆಷಿನ್ನಿನ ಮೋಟರು. ನೀವು ಕಳಿಸಿದ ನಂಬರಿಗೆ ಹತ್ತಿರವಾದದ್ದು ಇದೇ ಎಂದರು. ನಾನು ಕಳಿಸಿದ್ದ ಫೋಟೋವನ್ನು ಫೋನಿನಲ್ಲಿ ತೋರಿಸಿ ವಾದಕ್ಕೆ ನಿಂತೆ. ಆಗ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಇಣುಕಿ ನೋಡಿ, "ಅಪ್ಪಾ, ಇಟ್ಸ್ ಫ್ಲಿಪ್ಡ್," ಎಂದು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಹೌದು. ಕನ್ನಡಿಯಲ್ಲಿ ತೆಗೆದ ಚಿತ್ರ. ಒಬ್ಬ ಎಂಜಿನಿಯರ್, ಒಬ್ಬ ದಂತವೈದ್ಯೆ, ಒಬ್ಬ ನಿವೃತ್ತ ಶಿಕ್ಷಕಿ ಸೇರಿ ನಂಬರನ್ನು ತಿರುಗುಮುರುಗಾಗಿ ಕಳಿಸಿದ್ದೆವು. ಬಂದವರು ಮೋಟರನ್ನು ಮರ್ಯಾದೆಯಿಂದ ಡಬ್ಬದೊಳಗಿಟ್ಟು ಹೊರಟರು.

ಸರಿಯಾದ ನಂಬರು ಹೋದ ಮೇಲೂ ಎರಡು ವಾರ ಸುದ್ದಿಯಿಲ್ಲ. ಆಗ ಅತ್ತೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. ಆ ಕಡೆ ಅದೇ ಜೇನಿನ ದನಿ. ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಂತು, ಮೈದಾನದ ಆ ತುದಿಗೆ ಕೇಳಿಸುವ ಗಂಟಲಲ್ಲಿ ಶುರುಮಾಡಿದರು.

"ಮಿಸ್ಟರ್, ಟುಡೇ ಯು ಟುಕ್ ಬಾತ್?"

ಅವನು ಎಸ್ ಮೇಡಮ್ ಎಂದ.

"ಹಾಟ್ ವಾಟರ್ ಆರ್ ಕೋಲ್ಡ್ ವಾಟರ್?"

ಈ ಸಲ ಸಣ್ಣ ದನಿಯಲ್ಲಿ, ಹಾಟ್ ಮೇಡಮ್.

"ಹಾಗಾದ್ರೆ ನಾಚಿಕೆ ಆಗಲ್ವೇನಪ್ಪಾ ನಿಂಗೆ?"

ಈ ಕೊನೆಯ ವಾಕ್ಯ ಶುದ್ಧ ಮಂಡ್ಯದ ಕನ್ನಡದಲ್ಲಿತ್ತು. ಆದರೆ ಅವನಿಗೆ ಅರ್ಥವಾಯಿತೆಂದೇ ನನ್ನ ನಂಬಿಕೆ. ಸಾರಿ ಟೀಚರ್ ಎಂದ. ಇವರು ಟೀಚರೆಂದು ನಾವು ಯಾರೂ ಹೇಳಿರಲಿಲ್ಲ. ಆ ದಿನವೇ ಮೇಲಧಿಕಾರಿಯ ಸಂದೇಶ ಬಂತು. ಬಿಡಿಭಾಗ ಹಡಗಿನಲ್ಲಿದೆಯಂತೆ. ಹಡಗು ಬಂದಾಗ ರಂಜಾನ್ ಶುರುವಾಗಿ ಕೆಲಸದ ಹೊತ್ತು ಕಡಿಮೆಯಾಗಿತ್ತು. ಆಮೇಲೆ ಈದ್ ರಜೆ. ಆಮೇಲೆ ಧೂಳಿನ ಗಾಳಿ. ಏಪ್ರಿಲಿನಲ್ಲಿ ವೀಸಾ ಮುಗಿದು ಅತ್ತೆ ಊರಿಗೆ ಹೊರಟರು. ಹೋಗುವ ದಿನ ಮೇಲಿನ ಮನೆಗೆ ಹೋಗಿ, ಆ ಹೆಂಗಸಿಗೆ ಒಂದು ಸೀರೆ ಕೊಟ್ಟು ಬಹಳ ಹೊತ್ತು ಕೈಹಿಡಿದು ನಿಂತಿದ್ದರು. ಇಬ್ಬರ ಕಣ್ಣಲ್ಲೂ ನೀರಿತ್ತು.

ಮೇ ಬರುತ್ತಲೇ ಕುವೈತಿನ ನೀರು ತಲೆಕೆಳಗಾಗುತ್ತದೆ. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆಗ ಎಲ್ಲರೂ ಬಾಯ್ಲರ್ ಆಫ್ ಮಾಡುತ್ತಾರೆ. ಎಸಿಯ ತಂಪಿನಲ್ಲಿ ಅದರೊಳಗಿನ ನೀರು ಆರಿರುತ್ತದೆ, ಸ್ನಾನಕ್ಕೆ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಸಿಗುತ್ತದೆ. ನಮ್ಮದು ಜನವರಿಯಿಂದಲೇ ಆಫ್ ಆಗಿತ್ತಾದ್ದರಿಂದ ನಾವು ಏನೂ ಮಾಡಬೇಕಾಗಿ ಬರಲಿಲ್ಲ. ಮೊದಲ ಬಾರಿಗೆ ಅದರ ಮೇಲೆ ಪ್ರೀತಿ ಬಂದಿತ್ತು.

ಜೂನ್ ಮೊದಲ ವಾರ, ನಡು ಮಧ್ಯಾಹ್ನ, ಬಾಗಿಲ ಬೆಲ್ಲು ಹೊಡೆಯಿತು. ನೀರು ಕಾಯಿಸುವ ಹೊಸ ಕಾಯಿಲು ಹಿಡಿದು ಒಬ್ಬ ರಿಪೇರಿಯವನು ನಿಂತಿದ್ದ. ಉತ್ತರ ಪ್ರದೇಶದವನು, ನಡುವಯಸ್ಸು, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕಾಯಿಲು ಹಾಕಬೇಕಾದರೆ ಬಾಯ್ಲರಿನ ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು ಎಂದ. ಅಷ್ಟೂ ತಣ್ಣೀರು. ಹೆಂಡತಿ ಮಗಳಿಗೆ ಕೂಗಿದಳು. ಬಕೆಟು, ಪಾತ್ರೆ, ಕುಕ್ಕರು, ಹೂದಾನಿ, ಸಿಕ್ಕಿದ್ದರಲ್ಲೆಲ್ಲ ಹಿಡಿದಿಟ್ಟೆವು. ಅವನು ಸಂಕೋಚದಿಂದ, ಸ್ವಲ್ಪ ಮುಖ ತೊಳೆಯಬಹುದೇ ಎಂದು ಕೇಳಿದ. ಒಂದು ಬಕೆಟು ಪೂರ್ತಿ ಕೊಟ್ಟೆವು. ಮುಖ, ಕುತ್ತಿಗೆ, ಮೊಣಕೈವರೆಗೆ ತೊಳೆದುಕೊಂಡು, ಕಣ್ಣುಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತ. ನಮಗೆ ಅವನ ಮೇಲೆ ಕೋಪ ಮಾಡಿಕೊಳ್ಳಲು ಆಗಲೇ ಇಲ್ಲ.

ಕಾಯಿಲು ಕೂರಿಸಿ ಟ್ಯಾಂಕು ಮತ್ತೆ ತುಂಬಿಸಿದ. ಇನ್ನು ಪರೀಕ್ಷೆ. ನೀರಿನ ಬಿಸಿ ತೋರಿಸುವ ಫೋಟೋ ಇಲ್ಲದೆ ಕೆಲಸ ಮುಗಿಯುವುದಿಲ್ಲವಂತೆ. ವಿಡಿಯೋ ಕಾಲಿನಲ್ಲಿ ಅತ್ತೆಯೂ ಹಾಜರಿದ್ದರು. ಅವನು ಬಿಸಿನೀರಿನ ನಲ್ಲಿ ಬಿಟ್ಟು ಥರ್ಮಾಮೀಟರ್ ಹಿಡಿದ. ತಾರಸಿಯಿಂದ ಆಗಷ್ಟೇ ಇಳಿದಿದ್ದ ನೀರು. ಮುಳ್ಳು ಸರ್ರನೆ ಏರಿ ಬೇಕಾದ ಗುರುತು ದಾಟಿತು. ಸ್ವಿಚ್ ಇನ್ನೂ ಹಾಕಿರಲಿಲ್ಲ.

ಅವನು ಫೋಟೋ ತೆಗೆದು, "ಟೆಸ್ಟ್ ಪಾಸ್, ಭಾಯಿ," ಎಂದ.

ಇದು ಪರೀಕ್ಷೆಯೇ ಅಲ್ಲ ಎಂದು ನಾನು ಉಷ್ಣದ ನಿಯಮಗಳನ್ನು ವಿವರಿಸತೊಡಗಿದೆ. ಫೋನಿನೊಳಗಿಂದ ಅತ್ತೆಯ ದನಿ ಬಂತು.

"ಸುಮ್ನೆ ಸೈನ್ ಮಾಡಿ."

ಸೈನ್ ಮಾಡಿದೆ.

ಆಗಸ್ಟಿನಲ್ಲಿ ಪಾಲಿಸಿ ಮುಗಿಯಿತು. ಮುಂದುವರಿಸುವಿರಾ ಎಂದು ಕರೆ ಬಂದಾಗ ಹೆಂಡತಿ ಪಕ್ಕದಲ್ಲೇ ಇದ್ದಳು, ಆದ್ದರಿಂದ ಉತ್ತರ ಸುಲಭವಾಯಿತು. ಬಾಯ್ಲರ್ ನಿಜಕ್ಕೂ ಸರಿಹೋಗಿದೆಯೇ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ನವೆಂಬರಿನ ಕೊನೆಯಲ್ಲಿ, ನಲ್ಲಿಯ ನೀರು ಮೊದಲ ಸಲ ಕೈ ಕೊರೆದ ಬೆಳಿಗ್ಗೆ, ಮೂವರೂ ಬಚ್ಚಲಿನ ಬಾಗಿಲಲ್ಲಿ ನಿಂತೆವು. ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಅರ್ಧ ಗಂಟೆಗೆ ನಲ್ಲಿಯಿಂದ ಹಬೆ ಬಂತು. ಮೊದಲು ಮಗಳು ಹೋದಳು, ಆಮೇಲೆ ಹೆಂಡತಿ. ಕೊನೆಗೆ ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಆಫೀಸಿನ ಬಸ್ಸು ಕೆಳಗೆ ಹಾರ್ನ್ ಮಾಡುತ್ತಿತ್ತು. ಬೆರಳ ತುದಿಗಳು ಸುಕ್ಕಾಗುವವರೆಗೆ ನಾನು ಹೊರಗೆ ಬರಲಿಲ್ಲ.